ಬೆನ್ನ ಹಿಂದೆ ಬರುವವಳು

ಒಟಾಕರನಿಗೆ ವೆಂಡುಲಾಳ ಮುಖಕ್ಕಿಂತ ಅವಳ ಷೂಗಳ ಪರಿಚಯ ಹೆಚ್ಚು.

ಇದರಲ್ಲಿ ಅವನ ತಪ್ಪೇನೂ ಇಲ್ಲ. ರಿಲೇ ಓಟದಲ್ಲಿ ಕೊನೆಯ ಪಾಳಿಗೆ ನಿಲ್ಲುವವನ ಕೆಲಸವೇ ಅಂಥದ್ದು. ತಾನು ನಿಂತ ಜಾಗಕ್ಕಿಂತ ಸ್ವಲ್ಪ ಹಿಂದೆ ಟ್ರ್ಯಾಕಿನ ಮೇಲೆ ಒಂದು ತುಂಡು ಟೇಪು ಅಂಟಿಸಿಕೊಳ್ಳಬೇಕು. ಬಗ್ಗಿ ನಿಂತು, ತೋಳಿನ ಸಂದಿಯಿಂದ ಆ ಟೇಪನ್ನೇ ನೋಡುತ್ತಿರಬೇಕು. ಬರುವವಳ ಕಾಲು ಅದರ ಮೇಲೆ ಬಿದ್ದ ಕ್ಷಣ ಮುಂದಕ್ಕೆ ತಿರುಗಿ, ಸಾಲಗಾರರು ಬೆನ್ನಟ್ಟಿದವನ ಹಾಗೆ ಓಡಬೇಕು. ಹಿಂದೆ ನೋಡುವಂತಿಲ್ಲ. ಅವಳು ಬೆನ್ನ ಹಿಂದೆ ಬಂದು "ಹೊಪ್!" ಎಂದು ಕೂಗಿದಾಗ ಕೈಯನ್ನು ಹಿಂದಕ್ಕೆ ಚಾಚಬೇಕು. ಬ್ಯಾಟನ್ ಬಂದು ಅಂಗೈಯಲ್ಲಿ ಕೂರುತ್ತದೆ. ಕೂರುತ್ತದೆಂದು ನಂಬಬೇಕು.

ಮದುವೆಯಾದ ಗಂಡಸರು ಕೂಡ ಒಬ್ಬ ಹೆಂಗಸನ್ನು ಇಷ್ಟು ಕುರುಡಾಗಿ ನಂಬುವುದಿಲ್ಲ. ಒಟಾಕರ್ ಹವ್ರಾನೆಕ್ ಹತ್ತು ವರ್ಷಕ್ಕೂ ಮೇಲ್ಪಟ್ಟು ನಂಬಿದ್ದ. ಒಲೊಮೌಟ್ಸ್ ಊರಿನ ಟ್ರಾಮ್ ರಸ್ತೆಯಲ್ಲಿ ಅವನದೊಂದು ಕನ್ನಡಕದ ಅಂಗಡಿ. ವಾರವೆಲ್ಲ ಊರಿನವರ ಕಣ್ಣು ಪರೀಕ್ಷಿಸುತ್ತಿದ್ದ. ಬೇಸಿಗೆಯ ಭಾನುವಾರಗಳಲ್ಲಿ ಬಗ್ಗಿ ನಿಂತು ವೆಂಡುಲಾಳ ಷೂ ಬರುವುದನ್ನು ಕಾಯುತ್ತಿದ್ದ. ಹಸಿರು ಷೂ, ಕಿತ್ತಳೆ ಷೂ, ಒಂದು ವರ್ಷ ಎರಡು ಕಾಲಿಗೆ ಎರಡು ಬಣ್ಣದ ಷೂ. ಎಲ್ಲವೂ ಅವನಿಗೆ ನೆನಪಿದ್ದವು. ಪ್ರೀತಿಸುವವರು ಪ್ರೇಯಸಿಯ ಕಣ್ಣುಗಳ ಕನಸು ಕಾಣುತ್ತಾರಂತೆ. ಒಟಾಕರ್ ಆ ವಿಷಯದಲ್ಲಿ ಕೆಳಗಿನಿಂದ ಶುರುಮಾಡಿದ್ದ.

ಇನ್ನು ವೆಂಡುಲಾ ಸೊಬೊಟ್ಕೋವಾ. ಯುರೋಪಿನ ಟ್ರ್ಯಾಕುಗಳ ಮೇಲೆ ಅವಳಷ್ಟು ಕಾಲ ನೂರು ಮೀಟರ್ ಓಡಿದವರು ಕಡಿಮೆ. ಅಷ್ಟು ಕಾಲ ಓಡಿಯೂ ಏನೂ ಗೆಲ್ಲದವರು ಇನ್ನೂ ಕಡಿಮೆ. ಬಾರ್ಸಿಲೋನಾದಲ್ಲಿ ಮೊದಲ ಸುತ್ತಿಗೇ ಹೊರಬಿದ್ದಿದ್ದಳು, ಹೆಲ್ಸಿಂಕಿಯಲ್ಲೂ. ಆಮ್‌ಸ್ಟರ್‌ಡಾಮಿನಲ್ಲಿ ಸೆಮಿಫೈನಲ್ ತಲುಪಿ, ಆ ಸಂಭ್ರಮದಲ್ಲೇ ಕೊನೆಯವಳಾಗಿ ಬಂದಿದ್ದಳು. ಪಕ್ಕದ ಲೇನಿನಲ್ಲಿ ಯಾವಾಗಲೂ ಯಾರಾದರೊಬ್ಬ ಪ್ರಸಿದ್ಧೆ ಇರುತ್ತಿದ್ದರಿಂದ ಅವಳ ಮೊಣಕೈ ಆಗಾಗ ಟಿವಿಯಲ್ಲಿ ಬರುತ್ತಿತ್ತು. ಅವಳಮ್ಮ ಅದನ್ನು ಗುರುತು ಹಿಡಿದು ನೆರೆಯವರನ್ನು ಕೂಗುತ್ತಿದ್ದರು. ಅವಳನ್ನು ಸೋಲಿಸಿದ ಹುಡುಗಿಯರು ಓಟ ಬಿಟ್ಟರು, ಮದುವೆಯಾದರು, ಹೆತ್ತರು. ಈಗ ಅವರ ಮಕ್ಕಳು ಬಂದು ಸೋಲಿಸುವ ಕಾಲ ಸಮೀಪಿಸಿತ್ತು. ಯಾವಾಗ ನಿವೃತ್ತಿ ಎಂದು ಪತ್ರಕರ್ತರು ಕೇಳಿದರೆ, "ಹಿಂದೆ ತಿರುಗಿ ನೋಡಿದಾಗ ಯಾರೂ ಇಲ್ಲದಿದ್ರೆ ಬಿಡ್ತೀನಿ" ಎನ್ನುತ್ತಿದ್ದಳು. ಹಿಂದೆ ಯಾರೂ ಇಲ್ಲದ ಓಟಗಳೂ ಬಂದುಹೋದವು. ಅವಳು ತಿರುಗಿ ನೋಡಲಿಲ್ಲ.

ನಡುವೆ ಒಮ್ಮೆ ಹ್ಯಾಮರ್ ಎಸೆಯುವವನೊಬ್ಬನನ್ನು ಮದುವೆಯಾಗಿದ್ದಳು. ಅದು ಬೇಗ ಮುಗಿಯಿತು. ಎಸೆಯುವವರಿಗೆ ಹಿಡಿದುಕೊಳ್ಳುವ ಅಭ್ಯಾಸ ಇರುವುದಿಲ್ಲ ಎಂದು ಅವಳೇ ಹೇಳುತ್ತಿದ್ದಳು.

ದೊಡ್ಡ ಮೈದಾನಗಳು ಮುಗಿದ ಮೇಲೆ ಅವಳಿಗೆ ಉಳಿದದ್ದು ಊರಿನ ಕ್ಲಬ್ಬು, ಮತ್ತು ಇಬ್ಬರು ಗಂಡಸರು ಇಬ್ಬರು ಹೆಂಗಸರು ಸೇರಿ ಓಡುವ ಮಿಶ್ರ ರಿಲೇ. ಅದರಲ್ಲಿ ತಿರುವಿನ ಮೂರನೇ ಪಾಳಿ ಅವಳದು, ಕೊನೆಯದು ಒಟಾಕರನದು. ಅವರಿಬ್ಬರ ನಡುವೆ ಇದ್ದದ್ದು ಆ ಒಂದು ಬ್ಯಾಟನ್ ಅಷ್ಟೇ. ಅವಳು ಕನ್ನಡಕ ಹಾಕುತ್ತಿರಲಿಲ್ಲ. ಅವನ ಅಂಗಡಿಗೆ ಬರಲು ಅವಳಿಗೆ ಬೇರೆ ನೆಪವಿರಲಿಲ್ಲ.

ಎಡವಟ್ಟು ಶುರುವಾದದ್ದು ಕೆಲವು ಬೇಸಿಗೆಗಳ ಹಿಂದೆ. ಒಂದು ಭಾನುವಾರ "ಹೊಪ್!" ಕೇಳಿಸಿತು, ಒಟಾಕರ್ ಕೈ ಚಾಚಿದ, ಬ್ಯಾಟನ್ ಬರಲಿಲ್ಲ. ಅಂಗೈ ಸ್ವಲ್ಪ ಹೊತ್ತು ಗಾಳಿಯಲ್ಲೇ ನೇತಾಡಿತು, ಪರಿಚಿತರೆಂದು ಬೇರೆ ಯಾರಿಗೋ ಕೈಬೀಸಿದವನ ಕೈಯ ಹಾಗೆ. ಆಮೇಲೆ ಬಂತು.

ಪಾಪ, ವಯಸ್ಸಾಗುತ್ತಿದೆ ಅವಳಿಗೆ, ಎಂದುಕೊಂಡ ಒಟಾಕರ್. ಅವನ ಎದೆ ಕರಗಿತು.

ಯಾರಿಗೂ ಹೇಳದೆ, ಮುಂದಿನ ಓಟಕ್ಕೆ ಟೇಪನ್ನು ಅರ್ಧ ಹೆಜ್ಜೆ ತನ್ನ ಹತ್ತಿರಕ್ಕೆ ತಂದು ಅಂಟಿಸಿದ. ಟೇಪು ಹತ್ತಿರವಿದ್ದರೆ ಅವನು ತಡವಾಗಿ ಹೊರಡುತ್ತಾನೆ. ಅವಳಿಗೆ ಹಿಡಿಯಲು ಸುಲಭ. ಮರುವರ್ಷ ಕೈ ಇನ್ನೂ ಹೆಚ್ಚು ಹೊತ್ತು ಖಾಲಿ ನಿಂತಿತು. ಟೇಪು ಇನ್ನೂ ಅರ್ಧ ಹೆಜ್ಜೆ ಈಚೆ ಬಂತು. ಪ್ರತಿ ಸಲ ಬಗ್ಗಿ ಅದನ್ನು ಅಂಟಿಸುವಾಗ ಒಟಾಕರ್ ತನ್ನ ಔದಾರ್ಯಕ್ಕೆ ತಾನೇ ತಲೆದೂಗುತ್ತಿದ್ದ.

ಈ ಆಗಸ್ಟಿನಲ್ಲಿ ಕೋಚ್ ಪೆಲಿಕಾನ್ ನಾಲ್ವರನ್ನೂ ಕ್ಲಬ್ ಕ್ಯಾಂಟೀನಿಗೆ ಕರೆದು ಟ್ಯಾಬ್ಲೆಟ್ಟಿನಲ್ಲಿ ವಿಡಿಯೋ ತೋರಿಸಿದ. ಪೆಲಿಕಾನ್ ದಪ್ಪ ಮನುಷ್ಯ. ಓಡುವವರನ್ನು ಕಂಡರೆ ಅವನಿಗೆ ಯಾವಾಗಲೂ ಸ್ವಲ್ಪ ಸಿಟ್ಟು.

"ಮೊದಲನೇ ಬ್ಯಾಟನ್ ಬದಲಾವಣೆ ನೋಡಿ. ಚೆನ್ನಾಗಿದೆ. ಎರಡನೇದು, ಬೆಣ್ಣೆ. ಈಗ ಮೂರನೇದು ನೋಡಿ." ವಿಡಿಯೋ ಓಡಿತು. "ಇದು ರಿಲೇ ಅಲ್ಲ, ಅಂಚೆ ಕಚೇರಿ. ಇವರು ಬ್ಯಾಟನ್ ಕೊಡ್ತಿಲ್ಲ, ರಿಜಿಸ್ಟರ್ಡ್ ಪೋಸ್ಟ್ ಮಾಡ್ತಿದಾರೆ. ಸಹಿ ಒಂದು ಬಾಕಿ."

ಎರಡನೇ ಪಾಳಿಯ ಜುಜಾನಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ವೆಂಡುಲಾ ಕಿಟಕಿ ನೋಡಿದಳು. ಒಟಾಕರ್ ತನ್ನ ಅಂಗೈ ನೋಡಿಕೊಂಡ.

"ಭಾನುವಾರ ಮೊರಾವ್ಯಾ ಪ್ರಾಂತ್ಯದ ಫೈನಲ್," ಎಂದ ಪೆಲಿಕಾನ್. "ನಿಮ್ಮಿಬ್ಬರಲ್ಲಿ ಒಬ್ರು ಹೊರಗೆ. ಯಾರು ಅಂತ ನಾಡಿದ್ದು ಹೇಳ್ತೀನಿ. ಹೋಗಿ, ಮೈ ಕೈ ಸಡಿಲ ಮಾಡ್ಕೊಳ್ಳಿ."

ಒಟಾಕರ್ ಮರುದಿನ ಅಂಗಡಿಗೆ ಬೀಗ ಹಾಕಿ ನೇರ ಪೆಲಿಕಾನನ ತೋಟದ ಗುಡಿಸಲಿಗೆ ಹೋದ. ಪೆಲಿಕಾನ್ ಬನಿಯನ್ನಿನಲ್ಲಿ ಟೊಮೇಟೊ ಗಿಡಗಳಿಗೆ ಕೋಲು ಕಟ್ಟುತ್ತಿದ್ದ.

"ಕೋಚ್, ನನ್ನನ್ನ ತೆಗೀರಿ. ತಪ್ಪು ನಂದು. ನನಗೆ ಮಂಡಿ ನೋವು, ಅಂಗಡೀಲಿ ಕೆಲಸ ಜಾಸ್ತಿ, ರಾತ್ರಿ ನಿದ್ದೆ ಇಲ್ಲ..."

"ಹೊಟ್ಟೆ ನೋವು ಬಿಟ್ಬಿಟ್ಯಲ್ಲ."

"ಅದೂ ಇದೆ."

ಪೆಲಿಕಾನ್ ಒಂದು ಗಂಟು ಬಿಗಿದು ತಿರುಗಿದ. "ಬೆಳಿಗ್ಗೆ ಅವಳು ಬಂದಿದ್ಲು. 'ನನ್ನನ್ನ ತೆಗೀರಿ ಕೋಚ್, ತಪ್ಪು ನಂದು.' ಅವಳಿಗೂ ಮಂಡಿ ನೋವಂತೆ. ಇಬ್ರಿಗೂ ಸೇರಿ ಒಂದೇ ಮಂಡೀನಾ? ಹೋಗಿ ಮಾತಾಡ್ಕೊಳ್ಳಿ. ಕ್ಯಾಂಟೀನಲ್ಲಿ ಕೂತಿದಾಳೆ. ನನ್ನ ಟೊಮೇಟೊ ತುಳೀಬೇಡ."

ಅವಳು ಕ್ಯಾಂಟೀನಿನ ಹೊರಗಿನ ಬೆಂಚಿನ ಮೇಲೆ ಬ್ರೆಡ್ಡಿಗೆ ಈರುಳ್ಳಿ, ಗಬ್ಬು ನಾರುವುದಕ್ಕೇ ಹೆಸರಾದ ಆ ಊರಿನ ಚೀಸು ಹಾಕಿಕೊಂಡು ತಿನ್ನುತ್ತಿದ್ದಳು. ಆ ಚೀಸಿನ ವಾಸನೆಗೆ ಪಕ್ಕದ ಬೆಂಚು ಖಾಲಿಯಾಗಿತ್ತು.

"ದೂರ ಕೂತ್ಕೋ, ವಾಸನೆ."

"ಪರವಾಗಿಲ್ಲ."

"ಪರವಾಗಿಲ್ಲ ಅನ್ನೋನು ಮೂಗು ಯಾಕೆ ಹಿಡ್ಕೊಂಡಿದೀಯ?"

ಒಟಾಕರ್ ಮೂಗು ಬಿಟ್ಟ. ಹತ್ತಿರವೇ ಕೂತ. ಹಣೆಯ ಮೇಲಿನ ಕೂದಲನ್ನು ಅವಳು ಮುಂಗೈಯಿಂದ ತಳ್ಳಿಕೊಂಡಳು. ಎಡಗಣ್ಣಿನ ಕೆಳಗೆ ಒಂದು ಮಚ್ಚೆ. ಅದು ಹೊಸದೋ, ತಾನು ಇಷ್ಟು ವರ್ಷ ನೋಡಿರಲಿಲ್ಲವೋ ಅವನಿಗೆ ತಿಳಿಯಲಿಲ್ಲ.

"ಕೋಚ್ ಹತ್ರ ಏನು ಹೇಳ್ದೆ?" ಎಂದ.

"ನೀನೇನು ಹೇಳ್ದೆ?"

"ನಾನು ಮೊದ್ಲು ಕೇಳಿದ್ದು."

"ನಾನು ಮೊದ್ಲು ಹೋಗಿದ್ದು."

ಒಟಾಕರ್ ಉಸಿರು ಎಳೆದುಕೊಂಡ. "ವೆಂಡಿ, ಕೋಪ ಮಾಡ್ಕೋಬೇಡ. ವಯಸ್ಸು ಎಲ್ರಿಗೂ ಆಗುತ್ತೆ."

"ಆಗುತ್ತೆ," ಎಂದಳು ವೆಂಡುಲಾ, ಬಹಳ ಮೃದುವಾಗಿ.

"ಅದರಲ್ಲಿ ನಾಚಿಕೆ ಪಡೋದು ಏನಿಲ್ಲ."

"ಏನೂ ಇಲ್ಲ." ಅವಳು ಅವನ ತೋಳು ಮುಟ್ಟಿದಳು. "ನೀನು ಅರ್ಥ ಮಾಡ್ಕೊಂಡಿದೀಯಲ್ಲ, ಅಷ್ಟು ಸಾಕು ನನಗೆ."

ಒಟಾಕರನಿಗೆ ಸಮಾಧಾನವಾಯಿತು. ಎಷ್ಟು ದೊಡ್ಡ ಮನಸ್ಸು ಇವಳದು! "ಅದಕ್ಕೇ ನಾನು ಪ್ರತಿ ವರ್ಷ ಟೇಪನ್ನ ಹತ್ರ ತಂದು ಅಂಟಿಸ್ತಿದ್ದೆ. ನಿನಗೆ ಗೊತ್ತಾಗ್ಬಾರ್ದು ಅಂತ."

ವೆಂಡುಲಾ ಅಗಿಯುವುದನ್ನು ನಿಲ್ಲಿಸಿದಳು. "ಹತ್ರಾನಾ? ಯಾಕೆ?"

"ನೀನು ಸ್ವಲ್ಪ, ಏನಂದ್ರೆ, ನಿಧಾನ ಆಗಿದೀಯಲ್ಲ."

"ನಾನು," ಎಂದಳು. ಬ್ರೆಡ್ಡನ್ನು ತಟ್ಟೆಯ ಮೇಲೆ ಇಟ್ಟಳು. ಅದನ್ನು ನೇರವಾಗಿ ಸರಿಪಡಿಸಿದಳು. "ನಿಧಾನ."

"ಸ್ವಲ್ಪ."

"ಓಹೋ! ಅದಕ್ಕಾ ವರ್ಷ ವರ್ಷ ನಿನ್ನ ಬೆನ್ನು ನನ್ನ ಮೂಗಿಗೆ ಬಡಿಯೋ ಹಾಗೆ ಆಗ್ತಿದ್ದಿದ್ದು! ಇದೇನು ಇವನು ದಿನೇ ದಿನೇ ಹೀಗೆ ಕುಸಿದು ಹೋಗ್ತಿದಾನಲ್ಲ ಅಂತ ನಾನು ಅಳ್ತಿದ್ದೆ! ಬ್ರೇಕ್ ಹಾಕ್ತಿದ್ದೆ ಕಣೋ ಪುಣ್ಯಾತ್ಮ, ಬ್ರೇಕು!"

"ಯಾರಿಗೆ?"

"ನನಗೆ! ಕಾಲಿಗೆ! ನೀನು ಹೊರಡೋದು ಚಳಿಗಾಲದಲ್ಲಿ ಹಾಲಿನ ಲಾರಿ ಹೊರಟ ಹಾಗೆ. ಮೊದ್ಲು ಒಂದು ಸದ್ದು, ಆಮೇಲೆ ಒಂದು ಅಲುಗಾಟ, ಆಮೇಲೆ ಯಾವಾಗ್ಲೋ ಚಕ್ರ ತಿರುಗುತ್ತೆ. ನಾನು ಬಂದ ಹಾಗೇ ಬಂದಿದ್ರೆ ನಿನ್ನ ಮೇಲೆ ಹತ್ತಿ ಹೋಗ್ತಿದ್ದೆ. ಅದಕ್ಕೇ ಕೊನೇಲಿ ನಿಧಾನ ಮಾಡ್ತಿದ್ದೆ."

ಆ ಬೆಂಚಿನ ಮೇಲೆ ಇಬ್ಬರೂ ಬಾಯಿ ತೆರೆದು ಒಂದೇ ಲೆಕ್ಕ ಹಾಕಿದರು. ಅವನು ನಿಧಾನನಾದನೆಂದು ಅವಳು ಬ್ರೇಕು ಹಾಕಿದಳು. ಅವಳು ಬ್ರೇಕು ಹಾಕಿದ್ದಕ್ಕೆ ಅವಳು ನಿಧಾನವಾದಳೆಂದು ಅವನು ಟೇಪು ಹತ್ತಿರ ತಂದ. ಟೇಪು ಹತ್ತಿರ ಬಂದದ್ದಕ್ಕೆ ಅವಳು ಇನ್ನೂ ಬ್ರೇಕು ಹಾಕಿದಳು. ಹೀಗೆ ಒಬ್ಬರಿಗೊಬ್ಬರು ದಯೆ ತೋರಿಸುತ್ತ ತೋರಿಸುತ್ತ ಇಬ್ಬರೂ ಸೇರಿ ಮೊರಾವ್ಯಾದಲ್ಲೇ ಅತಿ ನಿಧಾನದ ಬದಲಾವಣೆಯನ್ನು ಕಟ್ಟಿ ನಿಲ್ಲಿಸಿದ್ದರು.

"ಹೇಳ್ಬಹುದಿತ್ತಲ್ಲ," ಎಂದ ಒಟಾಕರ್.

"ಹೇಳಿದ್ರೆ ಬಿಟ್ಬಿಡ್ತಿದ್ದೆ ನೀನು. ನೀನು ಬಿಟ್ರೆ..." ಅವಳು ಚೀಸಿನ ಮೇಲಿನ ಈರುಳ್ಳಿಯ ಚೂರುಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿದಳು.

"ಬಿಟ್ರೆ?"

"ಬಿಟ್ರೆ ನಾನು ಬೇರೆಯವರ ಬೆನ್ನು ಅಭ್ಯಾಸ ಮಾಡ್ಕೋಬೇಕಾಗಿತ್ತು. ಈ ವಯಸ್ಸಲ್ಲಿ. ತಿಂದು ಮುಗಿಸ್ಲಾ ನಾನು?"

ಬುದ್ಧಿಯಿದ್ದ ಯಾವ ಗಂಡಸಾದರೂ ಆ ಮಾತನ್ನು ಅಲ್ಲಿಯೇ ಹಿಡಿದು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಆದರೆ ಒಟಾಕರನ ಕಿವಿಯಲ್ಲಿ ಹಾಲಿನ ಲಾರಿ ಇನ್ನೂ ಓಡುತ್ತಿತ್ತು.

"ನಾನು ನಿಧಾನ ಅಂತೀಯಾ?"

"ಅಯ್ಯೋ ದೇವರೇ."

"ಇಲ್ಲ, ಬಾ. ಟ್ರ್ಯಾಕಿಗೆ ಬಾ. ಹಳೇ ಜಾಗದಲ್ಲಿ ಟೇಪು ಹಾಕ್ತೀನಿ. ನೀನು ಬ್ರೇಕ್ ಹಾಕ್ಬೇಡ. ನೋಡೇಬಿಡೋಣ."

"ಚೀಸು ತಿಂದಿದೀನಿ ಕಣೋ."

"ಹೆದರಿಕೆನಾ?"

ಅವಳು ಎದ್ದು ಷೂ ಕಟ್ಟಿಕೊಂಡಳು.

ಹತ್ತು ವರ್ಷದ ಹಿಂದಿನ ಜಾಗದಲ್ಲಿ ಟೇಪು ಅಂಟಿತು. ಒಟಾಕರ್ ಬಗ್ಗಿ ನಿಂತ. ಕೆಂಪು ಷೂ ತಿರುವಿನಲ್ಲಿ ಕಾಣಿಸಿತು, ದೊಡ್ಡದಾಯಿತು, ಟೇಪಿನ ಮೇಲೆ ಬಿತ್ತು. ಅವನು ತಿರುಗಿ ತನ್ನ ಜೀವಮಾನದ ಅತ್ಯುತ್ತಮ ಓಟಕ್ಕೆ ಹೊರಟ. "ಹೊಪ್" ಕೇಳಿಸಿತು. ಅದರ ಹಿಂದೆಯೇ ಬ್ಯಾಟನ್ ಬಂತು, ಬ್ಯಾಟನ್ ಹಿಡಿದ ಕೈ ಬಂತು, ಕೈಯ ಹಿಂದೆ ಇಡೀ ವೆಂಡುಲಾ ಬಂದಳು.

ಧೂಳು ಕೂತಾಗ ಒಟಾಕರ್ ಮಕಾಡೆ ಬಿದ್ದಿದ್ದ. ಅವನ ಭುಜದ ಮೇಲೆ ಅವಳ ಗಲ್ಲ ಇತ್ತು. ಚೀಸಿನ ವಾಸನೆ ಬರುತ್ತಿತ್ತು. ಅದು ಅಷ್ಟೇನೂ ಕೆಟ್ಟದಲ್ಲ ಎಂದು ಅವನಿಗೆ ಮೊದಲ ಬಾರಿಗೆ ಅನ್ನಿಸಿತು.

"ಪೆಟ್ಟಾಯ್ತಾ?" ಎಂದಳು ಅವಳು, ಕಿವಿಯ ಹತ್ತಿರವೇ.

"ಇಲ್ಲ."

ಆಗಿತ್ತು. ಮಂಡಿಗಲ್ಲ. ನಾಲ್ಕು ಬೇಸಿಗೆ ತಾನು ಕರುಣಿಸುತ್ತಿದ್ದೇನೆಂದು ಹಿಗ್ಗಿದವನು ಅವನು. ಕರುಣೆ ಅಷ್ಟೂ ಕಾಲ ಎದುರು ದಿಕ್ಕಿನಿಂದ ಬರುತ್ತಿತ್ತು. ಎದ್ದು ಅಂಗಿ ಕೊಡವಿಕೊಂಡ. "ಭಾನುವಾರ ಬೇರೆ ಯಾರಾದ್ರೂ ಓಡ್ಲಿ. ನಾನು ಬರಲ್ಲ."

"ಯಾಕೆ?"

"ನೋಡಿದ್ಯಲ್ಲ. ಈಗ ನಾನು ಓಡ್ಬೇಕು ಅಂದ್ರೆ ಬೇಗ ಹೊರಡೋಕೆ ಟೇಪು ಎಲ್ಲೋ ದೂರ ಹಾಕ್ಬೇಕು. ಆರು ಲೇನಿನವರೂ ನೋಡ್ತಾರೆ. ಟೇಪು ದೂರ ಇದ್ರೆ ಹೊರಡೋನು ಮುದುಕ ಅಂತ ಮಕ್ಕಳಿಗೂ ಗೊತ್ತು."

ವೆಂಡುಲಾ ಟ್ರ್ಯಾಕಿನ ಮೇಲೇ ಕಾಲು ಚಾಚಿ ಕೂತಿದ್ದಳು. ಮೊಣಕೈ ತರಚಿತ್ತು, ಟಿವಿಯಲ್ಲಿ ಬಂದಿದ್ದ ಅದೇ ಮೊಣಕೈ.

"ನನ್ನ ಮೇಲೆ ಕರುಣೆ ತೋರಿಸುವಾಗ ಚೆನ್ನಾಗಿತ್ತು. ತೋರಿಸಿಕೊಳ್ಳುವಾಗ ಕಷ್ಟ, ಅಲ್ವಾ?"

ಒಟಾಕರ್ ಬಗ್ಗಿ ಬ್ಯಾಟನ್ ಎತ್ತಿಕೊಂಡ.

"ಇಡೀ ಯುರೋಪಿನ ಎದುರಿಗೆ ಕೊನೇಲಿ ಬಂದಿದೀನಿ ನಾನು. ಒಂದು ಸಲ ಅಲ್ಲ. ಜನ ಎದ್ದು ಹೋಗ್ತಾ ಇರ್ತಾರೆ, ನಾನಿನ್ನೂ ಓಡ್ತಾ ಇರ್ತೀನಿ. ಏನೂ ಆಗಲ್ಲ ಒಟಾ. ಸಂಜೆ ಹಸಿವಾಗುತ್ತೆ, ಊಟ ಮಾಡ್ತೀವಿ." ಅವಳು ಎದ್ದಳು. "ನೀನು ಬರದಿದ್ರೆ ನಾನೂ ಓಡಲ್ಲ. ಇದು ಬೆದರಿಕೆ ಅಲ್ಲ. ಅಂದ್ರೆ, ಬೆದರಿಕೇನೇ."

ಹೀಗೆ ಹೇಳಿ ಕುಂಟುತ್ತ ಹೋದಳು. ಅವಳು ಹೋಗುವುದನ್ನು ಒಟಾಕರ್ ನೋಡುತ್ತ ನಿಂತ. ಇಷ್ಟು ವರ್ಷ ಅವನಿಗೆ ಅವಳು ಬರುವುದಷ್ಟೇ ಗೊತ್ತಿತ್ತು. ಹೋಗುವುದನ್ನು ನೋಡುವುದು ಇಷ್ಟು ಸಂಕಟದ ಕೆಲಸವೆಂದು ಗೊತ್ತಿರಲಿಲ್ಲ.

ಭಾನುವಾರ ಫೈನಲ್ಲಿನ ಹೊತ್ತಿಗೆ ಪೆಲಿಕಾನ್, ಒಟಾಕರ್ ಬರುವುದಿಲ್ಲವೆಂದುಕೊಂಡು, ಬದಲಿ ಓಟಗಾರನನ್ನು ಮೈ ಬೆಚ್ಚಗೆ ಮಾಡಿಕೊಳ್ಳಲು ಕಳಿಸಿದ್ದ. ವೆಂಡುಲಾ ತಿರುವಿನ ಆಚೆ ತುದಿಯಲ್ಲಿ ಕೂತು ಷೂ ಕಟ್ಟಿಕೊಳ್ಳದೆ ಕಾಯುತ್ತಿದ್ದಳು. ಆಗ ಒಟಾಕರ್ ಗೇಟಿನಿಂದ ಬಂದ. ಯಾರ ಮುಖವನ್ನೂ ನೋಡದೆ, ಟೇಪಿನ ಸುರುಳಿ ಹಿಡಿದು ತನ್ನ ಲೇನಿನಲ್ಲಿ ಹಿಂದಕ್ಕೆ ನಡೆದ. ಹಳೆಯ ಗುರುತು ದಾಟಿದ. ಬೇರೆ ಐವರ ಟೇಪುಗಳನ್ನೂ ದಾಟಿದ. ಇನ್ನೂ ನಡೆದ.

ಪಕ್ಕದ ಲೇನಿನಲ್ಲಿದ್ದ ಬ್ರ್ನೋ ಊರಿನ ತಂಡದ ಹುಡುಗ ಕೂಗಿದ: "ಅಣ್ಣಾ, ಇನ್ನು ಸ್ವಲ್ಪ ಹೋದ್ರೆ ಅಲ್ಲಿಂದ ಬಸ್ಸು ಸಿಗುತ್ತೆ!"

ಜನ ನಕ್ಕರು. ಒಟಾಕರನ ಕಿವಿ ಕೆಂಪಾದವು. ಬಗ್ಗಿ, ಎಲ್ಲರಿಗೂ ಕಾಣುವಂತೆ ಹಳದಿ ಟೇಪು ಅಂಟಿಸಿ, ಅಂಗೈಯಿಂದ ಗಟ್ಟಿಯಾಗಿ ಒತ್ತಿದ. ತಲೆಯೆತ್ತಿದಾಗ ದೂರದಲ್ಲಿ ವೆಂಡುಲಾ ಆ ಟೇಪನ್ನೇ ನೋಡುತ್ತಿದ್ದಳು. ಅನಂತರ ಬಗ್ಗಿ, ನಿಧಾನವಾಗಿ, ಷೂ ಕಟ್ಟಿಕೊಂಡಳು.

ಗುಂಡು ಹಾರಿತು. ಮೊದಲ ಎರಡು ಬದಲಾವಣೆ ಬೆಣ್ಣೆ. ತಿರುವಿನಲ್ಲಿ ವೆಂಡುಲಾ ಬಂದಳು, ಅವಳ ಅರ್ಧ ವಯಸ್ಸಿನ ಇಬ್ಬರು ಹುಡುಗಿಯರನ್ನು ಹಿಂದೆ ಹಾಕಿ. ಕೆಂಪು ಷೂ ಟೇಪಿನ ಮೇಲೆ ಬಿತ್ತು. ಒಟಾಕರ್ ಹೊರಟ. ಸದ್ದು, ಅಲುಗಾಟ, ಚಕ್ರ, ಎಲ್ಲಕ್ಕೂ ಇವತ್ತು ಸಮಯವಿತ್ತು. "ಹೊಪ್!" ಕೈ ಹಿಂದಕ್ಕೆ ಹೋಯಿತು. ಗಾಳಿಯಲ್ಲಿ ನೇತಾಡಲಿಲ್ಲ, ಬ್ಯಾಟನ್ ಅಲ್ಲೇ ಇತ್ತು, ಬೆಚ್ಚಗಿತ್ತು.

ಕೊಟ್ಟವರು ಅಲ್ಲಿಗೆ ನಿಲ್ಲಬೇಕು. ವೆಂಡುಲಾ ನಿಲ್ಲಲಿಲ್ಲ. ಇಷ್ಟು ವರ್ಷ ಅದುಮಿಟ್ಟ ಓಟ ಅವಳ ಕಾಲುಗಳಲ್ಲಿ ಇನ್ನೂ ಉಳಿದಿತ್ತೋ ಏನೋ, ಅವನ ಬೆನ್ನ ಹಿಂದೆಯೇ ನೇರ ಓಡುತ್ತ ಬಂದಳು.

"ಓಡೋ! ಭುಜ ಇಳಿಸು! ಹಾಲು ಒಡೆದು ಹೋಗುತ್ತೆ ಕಣೋ, ಓಡು!"

"ನೀನ್ಯಾಕೆ ಬರ್ತಿದೀಯ!"

"ಮಾತಾಡ್ಬೇಡ, ಓಡು!"

ಇಬ್ಬರು ಅವನನ್ನು ದಾಟಿದರು, ಬ್ರ್ನೋ ಹುಡುಗ ನಗುತ್ತಲೇ ದಾಟಿದ. ಒಟಾಕರ್ ನಾಲ್ಕನೆಯವನಾಗಿ ಗೆರೆ ಮುಟ್ಟಿದ. ವೆಂಡುಲಾ ಅವನ ಹಿಂದೆಯೇ ಮುಟ್ಟಿದಳು, ಎರಡು ಪಾಳಿ ಓಡಿಯೂ ಅವನಿಗಿಂತ ಕಡಿಮೆ ಏದುತ್ತಿದ್ದಳು. ತೀರ್ಪುಗಾರರು ಗುಂಪುಗೂಡಿ ಪುಸ್ತಕ ತಿರುವಿ, ಕೊನೆಗೆ ತಂಡವನ್ನೇ ಅನರ್ಹಗೊಳಿಸಿದರು. ಪೆಲಿಕಾನ್ ಟೋಪಿಯನ್ನು ನೆಲಕ್ಕೆ ಹೊಡೆದು ಅವರ ಕಡೆ ಬಂದ.

ಅವರಿಬ್ಬರೂ ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದರು. ಬ್ಯಾಟನ್ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ಅವಳ ಕೈಯಲ್ಲಿ. ಯಾವಾಗ ಹಿಡಿದುಕೊಂಡಳೋ ಅವನಿಗೆ ತಿಳಿಯದು.

"ವೆಂಡಿ."

"ಹ್ಞೂಂ."

"ಬೆನ್ನಿಗೆ ನಿನ್ನ ಅಭ್ಯಾಸ ಆಗಿಬಿಟ್ಟಿದೆ."

"ಬೆನ್ನಿಗೆ ಮಾತ್ರಾನಾ?"

ಒಟಾಕರ್ ತಿರುಗಿ ಅವಳ ಮುಖ ನೋಡಿದ. ಎಡಗಣ್ಣಿನ ಕೆಳಗಿನ ಮಚ್ಚೆಯನ್ನೂ, ಬೆವರನ್ನೂ, ಉಳಿದದ್ದೆಲ್ಲವನ್ನೂ ನೋಡಿದ. ಕಣ್ಣು ಪರೀಕ್ಷಿಸುವವನಿಗೆ ಇಷ್ಟು ಹೊತ್ತು ಬೇಕಾಗುವುದಿಲ್ಲ.

"ಎಲ್ಲಕ್ಕೂ," ಎಂದ.

"ಹಾಗಾದ್ರೆ ಮುಂದಿನ ವರ್ಷ ಪಾಳಿ ಬದಲಾಯ್ಸೋಣ. ನಾನು ಕೊನೇಲಿ ನಿಲ್ತೀನಿ. ನೀನು ಬಾ."

"ನಾನು ಬರೋದು ತಡ ಆಗುತ್ತೆ."

"ಗೊತ್ತು."

"ಟೇಪು ಎಲ್ಲಿ ಅಂಟಿಸ್ತೀಯ?"

"ಅಂಟಿಸಲ್ಲ. ನಿನ್ನ ಕಡೆ ಮುಖ ಮಾಡಿ ನಿಂತಿರ್ತೀನಿ. ನೀನು ಬಂದು ತಲುಪಿದ ಮೇಲೆ, ಒಟ್ಟಿಗೆ ಹೊರಡೋಣ."

ಅಷ್ಟರಲ್ಲಿ ಪೆಲಿಕಾನ್ ಬಂದು ಅವರ ತಲೆಯ ಬಳಿ ನಿಂತಿದ್ದ. ಬೈಯಲು ತೆರೆದ ಬಾಯಿ ಹಾಗೆಯೇ ಇತ್ತು.

"ಅದನ್ನ ಓಟ ಅನ್ನಲ್ಲ," ಎಂದ.

ಅಲ್ಲ ಎಂದು ಇಬ್ಬರೂ ಒಪ್ಪಿಕೊಂಡರು.